ಬಂಗಾಳದ ಕಾದಂಬರಿಕಾರರೂ ತಾಯ್ನಾಡಿನ ಕಲ್ಪನೆಯೂ

ರಾಜ್ಯೋತ್ಸವದ ಸಂಚಿಕೆಯಲ್ಲಿ ಬಂಗಾಳದ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಾವು ಈ ದಿನ ತಾಯಿ ಭುವನೇಶ್ವರಿಯ ಪಟಕ್ಕೆ ಹೂಮಾಲೆ ಹಾಕಿ, ನಾಡನ್ನೇ ತಾಯಿಯೆಂದು ಕರೆದು ಕೈಮುಗಿಯುತ್ತೇವಷ್ಟೆ. ಹುಟ್ಟಿದ ನೆಲವನ್ನು ತಾಯಿಗೆ ಹೋಲಿಸುವ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ ಒಂದು ನಾಡನ್ನು ಅದರ ಹೊಳೆ, ಹೊಲ, ಜನಸಂಖ್ಯೆಗಳ ಸಮೇತ ದೇವಿಯನ್ನಾಗಿ ನಿಲ್ಲಿಸಿ, ಅವಳಿಗಾಗಿ ಮಕ್ಕಳು ಮನೆಮಾರು ತೊರೆಯಬೇಕೆಂದು ಹೇಳುವ ಭಾವನೆ ಅಷ್ಟು ಹಳೆಯದಲ್ಲ. ಈ ಭಾವನೆಗೆ ದೇಶದಲ್ಲೆಲ್ಲ ಹಬ್ಬುವ ಬಲ ಬಂದುದು ಬಂಗಾಳದ ಒಂದು ಕಾದಂಬರಿಯಿಂದ, ಸರಕಾರದ ಸಂಬಳ ಎಣಿಸುತ್ತಿದ್ದ ಒಬ್ಬ ಅಧಿಕಾರಿಯ ಲೇಖನಿಯಿಂದ. ಅದಕ್ಕಿಂತಲೂ ಸ್ವಾರಸ್ಯದ ಸಂಗತಿಯೆಂದರೆ, ಆ ದೇವಿಯ ಪೂಜೆಯಿಂದ ಯಾರಿಗೆ ಏನು ನಷ್ಟವಾದೀತು ಎಂದು ಮೊದಲು ಗಟ್ಟಿಯಾಗಿ ಕೇಳಿದವರೂ ಬಂಗಾಳದ ಕಾದಂಬರಿಕಾರರೇ.

ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಹುಟ್ಟಿದ್ದು 1838ರಲ್ಲಿ, ನೈಹಾಟಿಯ ಬಳಿಯ ಕಾಂಠಾಲಪಾಡಾದಲ್ಲಿ. 1858ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಮೊದಲ ಬಾರಿಗೆ ಬಿ.ಎ. ಪದವಿ ಕೊಟ್ಟಾಗ ತೇರ್ಗಡೆಯಾದವರು ಇಬ್ಬರೇ, ಅವರಲ್ಲಿ ಇವರೊಬ್ಬರು. ಅದೇ ವರ್ಷ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ಸೇರಿ 1891ರಲ್ಲಿ ನಿವೃತ್ತರಾದರು. ಮೂವತ್ತಮೂರು ವರ್ಷಗಳ ಕಾಲ ಊರಿಂದೂರಿಗೆ ವರ್ಗವಾಗುತ್ತ, ಹಗಲು ಕಚೇರಿಯಲ್ಲಿ ದಾವೆ ಕೇಳಿ, ಉಳಿದ ಹೊತ್ತಿನಲ್ಲಿ ಬರೆದರು. ಮೊದಲ ಕಾದಂಬರಿಯನ್ನು 1864ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದನ್ನು ಇಂದು ಓದುವವರು ವಿರಳ. ಮಾರನೆಯ ವರ್ಷ, 1865ರಲ್ಲಿ, 'ದುರ್ಗೇಶನಂದಿನಿ'ಯನ್ನು ಬಂಗಾಳಿಯಲ್ಲಿ ಬರೆದರು. ಆಮೇಲೆ ಇಂಗ್ಲಿಷಿನ ಕಾದಂಬರಿಯ ಗೋಜಿಗೆ ಹೋಗಲಿಲ್ಲ. ಒಬ್ಬ ಪದವೀಧರನು ಮನೆಮಾತಿಗೆ ಹಿಂದಿರುಗಿದ ಈ ಒಂದು ವರ್ಷದ ಅಂತರವು ಭಾರತೀಯ ಸಾಹಿತ್ಯದ ಚರಿತ್ರೆಯಲ್ಲಿ ದೊಡ್ಡ ತಿರುವೆಂದೇ ನಾನು ಎಣಿಸುತ್ತೇನೆ.

1872ರಲ್ಲಿ, ಬಹರಂಪುರದಲ್ಲಿ ಕೆಲಸದಲ್ಲಿದ್ದಾಗ, ಅವರು 'ಬಂಗದರ್ಶನ'ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. 'ವಿಷವೃಕ್ಷ'ವು ಅದರಲ್ಲಿ ಕಂತುಕಂತಾಗಿ ಬಂದಿತು. ಮುಂದಿನ ಸಂಚಿಕೆ ಎಂದು ಬಂದೀತೆಂದು ಮನೆಮನೆಯಲ್ಲಿ ಕಾಯುವ ಪರಿಪಾಠ ಬಂಗಾಳದಲ್ಲಿ ಬೇರೂರಿದ್ದು ಹೀಗೆ. ಆ ಪತ್ರಿಕೆಯಲ್ಲಿ ಬಂಕಿಮರು ಪದೇ ಪದೇ ಎತ್ತಿದ ಒಂದು ಮಾತೆಂದರೆ ಬಂಗಾಳಿಗಳಿಗೆ ತಮ್ಮದೆನ್ನುವ ಇತಿಹಾಸಗ್ರಂಥವಿಲ್ಲ, ಪರರು ಬರೆದುದನ್ನೇ ನಂಬಿ ಕುಳಿತಿದ್ದಾರೆ ಎಂಬುದು. ನಮ್ಮ ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದ್ದು ಇಂಥದೇ ಹಸಿವಿನಿಂದ. ಬಂಗಾಳದಲ್ಲಿ ಮಾತ್ರ ಆ ಹಸಿವಿಗೆ ಮೊದಲು ಉಣಿಸಿದವನು ಇತಿಹಾಸಕಾರನಲ್ಲ, ಕಾದಂಬರಿಕಾರ. ಶಾಸನ ಸಿಗದ ಕಡೆಯಲ್ಲಿ ಕಥೆ ತುಂಬಿತು. ಇದರಲ್ಲಿ ಲಾಭವೂ ಇತ್ತು, ಅಪಾಯವೂ ಇತ್ತು.

ಎರಡನ್ನೂ ಒಟ್ಟಿಗೆ ಕಾಣಬೇಕಾದರೆ 1882ರಲ್ಲಿ ಪುಸ್ತಕವಾಗಿ ಬಂದ 'ಆನಂದಮಠ'ವನ್ನು ನೋಡಬೇಕು. ಕಥೆ ತೊಡಗುವುದು 1770ರ ಮಹಾಕ್ಷಾಮದಲ್ಲಿ. ಈ ಕ್ಷಾಮವು ಕಲ್ಪನೆಯಲ್ಲ. ಬಂಗಾಳದ ಜನರಲ್ಲಿ ಮೂರನೆಯ ಒಂದು ಪಾಲು ನಾಶವಾಯಿತೆಂದು 1868ರಲ್ಲಿ ಹಂಟರ್ ಸಾಹೇಬನು ಬರೆದಿದ್ದನು. ಬಂಕಿಮರು ಅವನ ಗ್ರಂಥವನ್ನು ಓದಿಕೊಂಡಿದ್ದರು. ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಈ ಕ್ಷಾಮದ ವೃತ್ತಾಂತದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುವುದು ಒಂದು ಜಮೆಯ ಸಂಗತಿ. ಅಷ್ಟು ಜನ ಸತ್ತ ಮೇಲೂ 1771ರ ಕಂದಾಯದ ವಸೂಲಿಯು ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನು ಮೀರಿತೆಂದು ವಾರನ್ ಹೇಸ್ಟಿಂಗ್ಸನೇ 1772ರಲ್ಲಿ ಲಂಡನ್ನಿಗೆ ಬರೆದು ತಿಳಿಸಿದನು. ಸತ್ತವರ ಪಾಲಿನ ತೆರಿಗೆಯನ್ನು ಬದುಕಿದವರ ತಲೆಯ ಮೇಲೆ ಹಾಕಿದ್ದರು. ಇಂಥ ಕಾಲದಲ್ಲಿ ಸಂನ್ಯಾಸಿಗಳ ಗುಂಪುಗಳು ಕಂಪನಿಯ ಸೈನ್ಯದೊಂದಿಗೆ ಕಾದಾಡಿದವು. ಇದೂ ನಡೆದ ಸಂಗತಿಯೇ.

ನಡೆದುದಕ್ಕೂ ಬರೆದುದಕ್ಕೂ ಅಂತರ ಬಿದ್ದದ್ದು ಇಲ್ಲಿಂದ ಮುಂದೆ. ನಿಜವಾಗಿ ಕಾದಾಡಿದವರಲ್ಲಿ ಸಂನ್ಯಾಸಿಗಳೊಂದಿಗೆ ಫಕೀರರೂ ಇದ್ದರು; ಮಜ್ನೂ ಶಾಹನೆಂಬ ಫಕೀರನು ಅವರ ಮುಖಂಡರಲ್ಲಿ ಪ್ರಸಿದ್ಧನು. ಸಂನ್ಯಾಸಿಗಳಲ್ಲಿ ಬಹುಮಂದಿ ಬಂಗಾಳಿಗಳಾಗಿರದೆ ಉತ್ತರದೇಶದಿಂದ ಬಂದ ನಾಗಾ ಮುಂತಾದವರಾಗಿದ್ದರು. 'ಆನಂದಮಠ'ದಲ್ಲಿ ಫಕೀರರಿಗೆ ಸ್ಥಳವಿಲ್ಲ. ಅಲ್ಲಿಯ ಸಂನ್ಯಾಸಿಗಳು ಬಂಗಾಳದ ಗೃಹಸ್ಥರ ಮನೆಗಳಿಂದ ಹೊರಟು ಬಂದ ಸಂತಾನರು, ಅಂದರೆ ತಾಯಿಯ ಮಕ್ಕಳು. ಅವರ ಕೋಪ ಬಹುಮಟ್ಟಿಗೆ ಮುಸಲ್ಮಾನರ ಆಳ್ವಿಕೆಯ ಮೇಲೆ ತಿರುಗುತ್ತದೆ. ಇಂಗ್ಲಿಷರನ್ನು ಕುರಿತ ಮಾತುಗಳನ್ನು ಬಂಕಿಮರು ಮುಂದಿನ ಆವೃತ್ತಿಗಳಲ್ಲಿ ತಿದ್ದಿ ಮೆತ್ತಗೆ ಮಾಡಿದರು. ಸರಕಾರಿ ನೌಕರನ ಕಷ್ಟ ಸರಕಾರಿ ನೌಕರನಿಗೇ ಗೊತ್ತು. ಆದರೆ ಆ ಕಷ್ಟದ ಬೆಲೆ ತೆತ್ತವರು ಬೇರೆಯವರು.

ಆ ಸಂತಾನರ ಬಾಯಲ್ಲಿ ಬರುವ ಗೀತವೇ 'ವಂದೇ ಮಾತರಂ'. ಬಂಕಿಮರು ಅದನ್ನು ಕಾದಂಬರಿಗಿಂತ ಮುಂಚೆಯೇ, 1870ರ ದಶಕದಲ್ಲಿ, ಬರೆದಿಟ್ಟಿದ್ದರು. ಅದರಲ್ಲಿ ತಾಯಿಗಿರುವ ಮಕ್ಕಳ ಸಂಖ್ಯೆ ಏಳು ಕೋಟಿ. ಅದು ಭಾರತದ ಲೆಕ್ಕವಲ್ಲ, ಅಂದಿನ ಬಂಗಾಳ ಪ್ರಾಂತದ ಲೆಕ್ಕ. ಎಂದರೆ ಆ ತಾಯಿ ಮೊದಲು ಬಂಗಮಾತೆ. ಮುಂದೆ ಕಾಂಗ್ರೆಸ್ಸಿನವರು ಹಾಡುವಾಗ ಏಳು ಕೋಟಿಯನ್ನು ಮೂವತ್ತು ಕೋಟಿ ಮಾಡಿಕೊಂಡರು. ಒಂದು ಅಂಕಿ ಬದಲಾದುದರಿಂದ ಪ್ರಾಂತದ ತಾಯಿ ದೇಶದ ತಾಯಿಯಾದಳು. ಸುಲಭವೆನಿಸುತ್ತದೆ. ಆದರೆ ಬಂಗಾಳವಲ್ಲದ ನಾಡುಗಳವರು, ನಮ್ಮ ತಾಯಿ ಎಲ್ಲಿ ನಿಲ್ಲಬೇಕು ಎಂದು ಕೇಳದೆ ಇರುವರೇ? ಕನ್ನಡದಲ್ಲಿ ಇದಕ್ಕೆ ಸಿಕ್ಕ ಉತ್ತರ ಕುವೆಂಪು ಅವರದು. 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಅವರ ಕವಿತೆಯಲ್ಲಿ ಕರ್ನಾಟಕವು ತಾಯಿಯೂ ಹೌದು, ಭಾರತಮಾತೆಯ ಮಗಳೂ ಹೌದು. ತಾಯಿಗೊಬ್ಬ ತಾಯಿಯುಂಟೆಂದು ಒಪ್ಪಿದ ಮೇಲೆ ಪೀಠಕ್ಕಾಗಿ ಜಗಳವೆಲ್ಲಿ? ಪರಸ್ಥಳದಲ್ಲಿ ಬಾಳುವ ನಮಗೆ ಈ ನಂಟಸ್ತಿಕೆಯ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಕಥೆಗೆ ಹಿಂದಿರುಗೋಣ. 1896ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ರವೀಂದ್ರನಾಥ ಠಾಕೂರರು 'ವಂದೇ ಮಾತರಂ' ಹಾಡಿದರು. ಬಂಕಿಮರು ತೀರಿಕೊಂಡು ಆಗಲೇ ಎರಡು ವರ್ಷಗಳಾಗಿದ್ದುವು. 1905ರ ಅಕ್ಟೋಬರ್ 16ರಂದು ಕರ್ಜನ್ನನು ಬಂಗಾಳವನ್ನು ಎರಡಾಗಿ ಸೀಳಿದಾಗ ಆ ಎರಡು ಪದಗಳು ಗೀತದಿಂದ ಕಳಚಿಕೊಂಡು ಬೀದಿಯ ಘೋಷಣೆಯಾದುವು. ಶಾಲೆಯ ಹುಡುಗರು ಅದನ್ನು ಕೂಗಿ ಏಟು ತಿಂದರು. ಒಂದೇ ಭಾಷೆಯ ಜನರನ್ನು ಎರಡು ಪ್ರಾಂತಗಳಲ್ಲಿ ಹಂಚಿದರೆಂದು ಬಂಗಾಳ ಹೀಗೆ ಎದ್ದು ನಿಂತಿತು. ಆ ಹೊತ್ತಿನಲ್ಲಿ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದುಹಂಚಿಹೋಗಿದ್ದರೆಂಬುದನ್ನು ನೆನೆಯಬೇಕು. ಬಂಗಾಳದ ವಿಭಜನೆ ರದ್ದಾಗುವುದೆಂದು 1911ರಲ್ಲಿ ಘೋಷಣೆಯಾಯಿತು. ನಮ್ಮ ತುಂಡುಗಳು ಕೂಡಲು 1956 ಬರಬೇಕಾಯಿತು.

ಗೀತದ ತೊಡಕು ಮಾತ್ರ ಬಿಡಲಿಲ್ಲ. ದೇಶವನ್ನು ದುರ್ಗೆಯ ರೂಪದಲ್ಲಿ ಪೂಜಿಸುವುದು ತಮ್ಮ ಧರ್ಮಕ್ಕೆ ಸಮ್ಮತವಲ್ಲವೆಂದೂ, ಅದು ಬಂದ ಕಾದಂಬರಿಯೇ ತಮ್ಮನ್ನು ಹೊರಗಿಟ್ಟಿದೆಯೆಂದೂ ಅನೇಕ ಮುಸಲ್ಮಾನರು ಹೇಳಿದರು. 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ರವೀಂದ್ರರ ಅಭಿಪ್ರಾಯವನ್ನು ಕೇಳಿ, ರಾಷ್ಟ್ರೀಯ ಸಮಾರಂಭಗಳಲ್ಲಿ ಮೊದಲ ಎರಡು ಪದ್ಯಗಳನ್ನು ಮಾತ್ರ ಹಾಡಬೇಕೆಂದು ತೀರ್ಮಾನಿಸಿತು. 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ರಾಜೇಂದ್ರ ಪ್ರಸಾದರು, 'ಜನ ಗಣ ಮನ'ಕ್ಕೆ ಸಮನಾದ ಗೌರವ ಈ ಗೀತಕ್ಕೂ ಸಲ್ಲುವುದೆಂದು ಸಾರಿದರು. ಬಂಕಿಮರನ್ನು ಇದೊಂದರಿಂದಲೇ ಅಳೆದು ಮುಗಿಸುವುದು ಸರಿಯಲ್ಲ. 'ದುರ್ಗೇಶನಂದಿನಿ'ಯ ಪಾತ್ರಗಳಲ್ಲೆಲ್ಲ ಉದಾತ್ತಳಾದವಳು ಪಠಾಣರ ಮಗಳು ಆಯೇಷಾ. 'ಬಂಗದರ್ಶನ'ದಲ್ಲಿ ಬಂಗಾಳದ ರೈತರನ್ನು ಕುರಿತು ಬರೆದಾಗ, ದೇಶ ಮುಂದುವರಿದಿದೆ ಎನ್ನುತ್ತಾರಲ್ಲ, ಹಾಶಿಮ ಶೇಖನಿಗೂ ರಾಮಾ ಕೈವರ್ತನಿಗೂ ಅದರಿಂದ ಏನು ದೊರಕಿತು ಎಂದು ಕೇಳಿದವರೂ ಇವರೇ. ಆ ಪ್ರಶ್ನೆಯಲ್ಲಿ ಶೇಖನೂ ಕೈವರ್ತನೂ ಒಂದೇ ಕೆಸರಿನಲ್ಲಿ ನಿಂತಿದ್ದಾರೆ. ಪ್ರಬಂಧಕಾರ ಬಂಕಿಮರು ಕಂಡುದನ್ನು ಕಾದಂಬರಿಕಾರ ಬಂಕಿಮರು ಕೈಬಿಟ್ಟರೆಂಬುದು ನನ್ನ ಮನಸ್ಸಿನಲ್ಲಿ ಉಳಿದಿರುವ ಕೊರಗು.

ಈ ಪುಸ್ತಕಗಳು ಕನ್ನಡಕ್ಕೆ ಬಂದ ಬಗೆಯೂ ಕಥೆಯಂತೆಯೇ ಇದೆ. ಕೊಳ್ಳೇಗಾಲದಲ್ಲಿ 1845ರಲ್ಲಿ ಹುಟ್ಟಿದ ಬಿ. ವೆಂಕಟಾಚಾರ್ಯರು ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದವರು. ಅವರೂ ಹಗಲು ದಾವೆ ಕೇಳಿ ಬಿಡುವಿನಲ್ಲಿ ಬರೆದವರೇ. ಬಂಗಾಳಿಯನ್ನು ಕಲಿತು, ಮೊದಲು ಈಶ್ವರಚಂದ್ರ ವಿದ್ಯಾಸಾಗರರ 'ಭ್ರಾಂತಿವಿಲಾಸ'ವನ್ನು 1876ರಲ್ಲಿಯೂ, 'ದುರ್ಗೇಶನಂದಿನಿ'ಯನ್ನು 1885ರಲ್ಲಿಯೂ ಕನ್ನಡಿಸಿದರು. ಆಮೇಲೆ 'ವಿಷವೃಕ್ಷ', 'ಆನಂದಮಠ' ಮೊದಲಾದುವು ಒಂದರ ಹಿಂದೊಂದು ಬಂದುವು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಟದ್ದು 1899ರಲ್ಲಿ. ಅಂದರೆ ಕನ್ನಡದಲ್ಲಿ ಸ್ವತಂತ್ರ ಸಾಮಾಜಿಕ ಕಾದಂಬರಿ ಕಣ್ದೆರೆಯುವುದಕ್ಕೆ ಮುಂಚೆಯೇ ಬಂಕಿಮರ ನಾಯಕ ನಾಯಿಕೆಯರು ಮೈಸೂರು ಸೀಮೆಯ ಮನೆಗಳಲ್ಲಿ ಓಡಾಡುತ್ತಿದ್ದರು. ಅವರ ಕನ್ನಡ ಸಂಸ್ಕೃತದಿಂದ ಭಾರವಾಗಿದೆಯೆಂದು ಇಂದಿನವರು ಮೂಗು ಮುರಿಯುವುದುಂಟು. ಇರಲಿ. ಕಾದಂಬರಿ ಓದುವ ಚಟವನ್ನು ಒಂದು ನಾಡಿಗೆ ಹಿಡಿಸುವುದು ಸಣ್ಣ ಕೆಲಸವಲ್ಲ. ಇವರ ಮುಂದಿನ ತಲೆಮಾರಿನ ಎ. ಆರ್. ಕೃಷ್ಣಶಾಸ್ತ್ರಿಗಳು, 1941ರಲ್ಲಿ ಹೈದರಾಬಾದಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ಬಂಕಿಮರನ್ನು ಕುರಿತು ಕನ್ನಡದಲ್ಲಿ ಒಂದು ಪೂರ್ಣಗ್ರಂಥವನ್ನೇ ಬರೆದರು. 1961ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಸಂದಿತು. ಬಂಗಾಳದ ಕಾದಂಬರಿಕಾರನ ವಿಷಯವಾಗಿ ಬರೆದು ಕನ್ನಡಕ್ಕೆ ಪ್ರಶಸ್ತಿ ತಂದ ಮಹನೀಯರು ಅವರು.

ಬಂಕಿಮರ ಗೀತವನ್ನು ಹಾಡಿದ ರವೀಂದ್ರರೇ ಬಂಕಿಮರ ದೇವಿಯನ್ನು ಪರೀಕ್ಷೆಗೆ ನಿಲ್ಲಿಸಿದರು. 1905ರಲ್ಲಿ ಅವರು ವಿಭಜನೆಯ ವಿರುದ್ಧ ಹಾಡು ಕಟ್ಟಿ, ಹಿಂದೂ ಮುಸಲ್ಮಾನರ ಕೈಗಳಿಗೆ ರಾಖಿ ಕಟ್ಟಿಸಿದ್ದರು. ಆಮೇಲೆ ಚಳವಳಿಯಲ್ಲಿ ಕಂಡ ಬಲಾತ್ಕಾರದಿಂದ ಮನನೊಂದು ದೂರ ಸರಿದರು. ಆ ನೋವಿನ ಫಲವೇ 'ಗೋರಾ'. ಅದು 1907ರಿಂದ 'ಪ್ರವಾಸಿ' ಪತ್ರಿಕೆಯಲ್ಲಿ ಬಂದು 1910ರಲ್ಲಿ ಪುಸ್ತಕವಾಯಿತು.

ಗೋರಾ ಕಟ್ಟಾ ಆಚಾರವಂತ. ದೇಶಭಕ್ತಿಯೆಂದರೆ ಮಡಿಯನ್ನು ಬಿಗಿಯಾಗಿ ಹಿಡಿಯುವುದೆಂದು ನಂಬಿದವನು. ಅವನು ಹಳ್ಳಿಗಾಡಿನಲ್ಲಿ ನಡೆದುಹೋಗುತ್ತಿರುವಾಗ, ನೀಲಿ ಬೆಳೆಸುವ ಸಾಹೇಬರ ಹಾವಳಿಗೆ ಸಿಕ್ಕಿದ ಮುಸಲ್ಮಾನರ ಒಂದು ಊರು ಸಿಗುತ್ತದೆ. ಅಲ್ಲಿ ಹಿಂದೂ ಮನೆ ಒಂದೇ, ಕ್ಷೌರಿಕನದು. ಆ ಕ್ಷೌರಿಕ ದಂಪತಿಗಳು, ಜೈಲಿಗೆ ಹೋದ ಮುಸಲ್ಮಾನನ ಮಗನನ್ನು ತಮ್ಮ ಮನೆಯಲ್ಲಿ ಸಾಕುತ್ತಿದ್ದಾರೆ. ಇಂಥ ಮನೆಯಲ್ಲಿ ಗೋರಾ ನೀರು ಮುಟ್ಟುವಂತಿಲ್ಲ. ಬ್ರಾಹ್ಮಣನ ಮನೆ ಬೇಕಾದರೆ ದೂರದಲ್ಲಿ ನೀಲಿ ಕಾರ್ಖಾನೆಯ ತಹಸೀಲ್ದಾರನದುಂಟು. ಊರವರನ್ನು ಹಿಂಸಿಸುವುದರಲ್ಲಿ ಸಾಹೇಬರ ಬಲಗೈ ಅವನೇ. ಗೋರಾ ಹಸಿದು, ಬಾಯಾರಿ, ಬಿಸಿಲಲ್ಲಿ ಆ ಕಡೆಗೆ ನಡೆಯುತ್ತಾನೆ. ನಡುದಾರಿಯಲ್ಲಿ ಅವನಿಗೆ ಹೊಳೆಯುತ್ತದೆ: ಹಿಂಸಕನ ಮನೆಯ ಅನ್ನದಿಂದ ಉಳಿಯುವ ಜಾತಿ, ಅನಾಥನನ್ನು ಸಾಕಿದವನ ಮನೆಯ ನೀರಿನಿಂದ ಹೋಗುವುದೇ? ಅವನು ಕ್ಷೌರಿಕನ ಮನೆಗೆ ಹಿಂದಿರುಗುತ್ತಾನೆ. ದೊಡ್ಡ ಭಾಷಣವೇನೂ ಇಲ್ಲ, ಒಬ್ಬ ಮನುಷ್ಯ ದಾರಿಯಲ್ಲಿ ಹಿಂದಕ್ಕೆ ತಿರುಗುತ್ತಾನೆ, ಅಷ್ಟೆ. ನಮ್ಮ ದೇಶದ ಕಾದಂಬರಿಗಳಲ್ಲಿ ಇದಕ್ಕಿಂತ ಮಹತ್ತ್ವದ ಹೆಜ್ಜೆಗಳನ್ನು ನಾನು ಹೆಚ್ಚು ಕಂಡಿಲ್ಲ.

ಕೊನೆಗೆ ಗೋರಾನಿಗೆ ತಿಳಿಯುವ ಗುಟ್ಟು ಬೇರೆಯದೇ. ಅವನು ಹಿಂದುವಲ್ಲ, ಭಾರತೀಯ ರಕ್ತದವನೂ ಅಲ್ಲ. 1857ರ ದಂಗೆಯ ಕಾಲದಲ್ಲಿ ಆಶ್ರಯ ಬೇಡಿ ಬಂದ ಐರಿಷ್ ಹೆಂಗಸಿನ ಮಗ. ಹೆತ್ತವಳು ಸತ್ತ ಮೇಲೆ ಎತ್ತಿ ಸಾಕಿದವಳು ಆನಂದಮಯಿ. ಅವನು ಕಾಪಾಡಿಕೊಂಡು ಬಂದ ಮಡಿಯೆಲ್ಲ ಒಂದು ಕ್ಷಣದಲ್ಲಿ ಕಳಚಿ ಬೀಳುತ್ತದೆ. ಆಗ ಅವನಿಗೆ ದುಃಖಕ್ಕಿಂತ ಬಿಡುಗಡೆಯೇ ಹೆಚ್ಚಾಗಿ, ಇನ್ನು ತಾನು ಎಲ್ಲರವನೆಂದು ತಿಳಿದು, ಜಾತಿ ನೋಡದೆ ಸಾಕಿದ ಆನಂದಮಯಿಯಲ್ಲಿಯೇ ತನ್ನ ದೇಶವನ್ನು ಕಾಣುತ್ತಾನೆ. ಬಂಕಿಮರ ತಾಯಿ ಗುಡಿಯೊಳಗಿನ ದೇವಿ. ರವೀಂದ್ರರ ತಾಯಿ ಅಡಿಗೆಮನೆಯಲ್ಲಿರುವ ಒಬ್ಬ ಹೆಂಗಸು. ಮಗ ಹೆತ್ತವನೋ ಬಂದವನೋ ಎಂದು ಕೇಳದವಳು.

'ಘರೇ ಬಾಯಿರೇ' 1916ರಲ್ಲಿ ಬಂದಿತು. ಅಲ್ಲಿಯ ಸಂದೀಪನು 'ವಂದೇ ಮಾತರಂ' ಎನ್ನುತ್ತ ಪರದೇಶದ ಬಟ್ಟೆಯನ್ನು ಸುಡಿಸುತ್ತಾನೆ. ಜಮೀನ್ದಾರ ನಿಖಿಲೇಶನು ತನ್ನ ಸಂತೆಯಲ್ಲಿ ಅದನ್ನು ಬಲವಂತವಾಗಿ ನಿಲ್ಲಿಸಲು ಒಪ್ಪುವುದಿಲ್ಲ. ಹೊರೆ ಬಟ್ಟೆ ಹೊತ್ತು ಮಾರಿ ಹೊಟ್ಟೆ ಹೊರೆಯುವ ಬಡವನಿಗೆ ಸ್ವದೇಶಿಯು ಶ್ರೀಮಂತರ ಆಟವಾಗಿ ಕಾಣುವುದೆಂದು ಅವನಿಗೆ ಗೊತ್ತು. ಆ ಬಡವರಲ್ಲಿ ಬಹುಮಂದಿ ಮುಸಲ್ಮಾನರು. ಕೊನೆಗೆ ಗಲಭೆಯೇಳುತ್ತದೆ, ನಿಖಿಲೇಶನ ತಲೆಗೆ ಪೆಟ್ಟು ಬೀಳುತ್ತದೆ. ಈ ಪುಸ್ತಕಕ್ಕಾಗಿ ರವೀಂದ್ರರನ್ನು ದೇಶದ್ರೋಹಿಯೆಂಬಂತೆ ಬೈದವರುಂಟು. ಕಾದಂಬರಿಯಾಗಿ 'ಗೋರಾ'ದಷ್ಟು ತುಂಬಿಕೊಂಡುದಲ್ಲವೆಂದು ನನಗೆ ತೋರುತ್ತದೆ. ನಿಖಿಲೇಶನು ತೀರ ಒಳ್ಳೆಯವನು.

ಶರಚ್ಚಂದ್ರರ ಹೆಸರು ನಮ್ಮ ತಾಯಂದಿರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಬಯಿಯಲ್ಲಿರುವವರಿಗಂತೂ ಬಿಮಲ್ ರಾಯ್ ಅವರ 'ಪರಿಣೀತಾ', 'ಬಿರಾಜ್ ಬಹೂ', 'ದೇವದಾಸ್' ಚಿತ್ರಗಳು 1953ರಿಂದ 1955ರ ಒಳಗೆ ಇದೇ ಊರಿನಲ್ಲಿ ತಯಾರಾದುವೆಂಬುದು ನೆನಪಿನಲ್ಲಿರಬಹುದು. ಆದರೆ ಅವರು ನಮ್ಮ ಪಂಗಡದವರೆಂಬುದು ಅನೇಕರಿಗೆ ತಿಳಿಯದು. 1903ರಿಂದ 1916ರವರೆಗೆ ಅವರು ಹೊಟ್ಟೆಪಾಡಿಗಾಗಿ ಬರ್ಮಾಕ್ಕೆ ಹೋಗಿದ್ದ ವಲಸೆಗಾರರು; ಬಹುಕಾಲ ರಂಗೂನಿನಲ್ಲಿ ಲೆಕ್ಕಪತ್ರದ ಕಚೇರಿಯ ಗುಮಾಸ್ತರು. 1907ರಲ್ಲಿ 'ಬಡದೀದಿ' ಕಲ್ಕತ್ತೆಯ 'ಭಾರತೀ' ಪತ್ರಿಕೆಯಲ್ಲಿ ಹೆಸರಿಲ್ಲದೆ ಬರತೊಡಗಿದಾಗ ರವೀಂದ್ರರೇ ಬರೆಯುತ್ತಿದ್ದಾರೆಂದು ಓದುಗರು ಭ್ರಮಿಸಿದರು. ಬರೆದವರು ಸಮುದ್ರದ ಆಚೆ ಕೂಡಿಸು ಕಳೆಯುವ ಲೆಕ್ಕ ಮಾಡುತ್ತಿದ್ದರು. 1912ರಲ್ಲಿ ಮನೆಗೆ ಬೆಂಕಿ ಬಿದ್ದು 'ಚರಿತ್ರಹೀನ'ದ ಹಸ್ತಪ್ರತಿ ಸುಟ್ಟುಹೋಯಿತು. ಅವರು ಮತ್ತೆ ಮೊದಲಿನಿಂದ ಬರೆದರು. 'ಶ್ರೀಕಾಂತ'ದಲ್ಲಿ ಹಡಗಿನ ತೆರೆದ ತಟ್ಟಿನಲ್ಲಿ ಒತ್ತೊತ್ತಾಗಿ ಕುಳಿತು ಹೋಗುವ ಕೂಲಿಗಳ, ರಂಗೂನಿನ ದಡದಲ್ಲಿ ಪ್ಲೇಗಿನ ಹೆಸರಿನಲ್ಲಿ ಅವರನ್ನು ಕೂಡಿಹಾಕುವ ವರ್ಣನೆಯನ್ನು, ಊರು ಬಿಟ್ಟವರೆಲ್ಲರೂ ಒಮ್ಮೆ ಓದಬೇಕು.

1926ರ 'ಪಥೇರ ದಾಬಿ'ಯ ಕಥೆಯೂ ರಂಗೂನಿನದೇ. ಕೆಲಸ ಸಿಕ್ಕಿ ಹೋದ ಅಪೂರ್ವನೆಂಬ ಮಡಿವಂತ ಹುಡುಗ, ಜೊತೆಗೆ ಅಡಿಗೆಯ ತಿವಾರಿ, ಮೇಲಿನ ಮಹಡಿಯಲ್ಲಿ ಕ್ರೈಸ್ತರ ಸಂಸಾರ, ಮೊದಲ ದಿನವೇ ಮೇಲಿನಿಂದ ಸುರಿದ ನೀರಿನಿಂದ ಕೆಟ್ಟ ಅಡಿಗೆ! ಬಾಡಿಗೆ ಮನೆಯಲ್ಲಿದ್ದವರಿಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಮುಂದೆ ತಿವಾರಿಗೆ ಸಿಡುಬು ಬಿದ್ದಾಗ ಶುಶ್ರೂಷೆ ಮಾಡುವವಳು ಅದೇ ಮೇಲಿನ ಮನೆಯ ಭಾರತಿ. ಇಲ್ಲಿಂದ ಕಥೆ ಕ್ರಾಂತಿಕಾರ ಸವ್ಯಸಾಚಿಯ ಗುಪ್ತಸಂಘಕ್ಕೆ ತಿರುಗುತ್ತದೆ. 1927ರ ಜನವರಿಯಲ್ಲಿ ಸರಕಾರವು ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಪ್ರತಿಭಟಿಸಬೇಕೆಂದು ಶರಚ್ಚಂದ್ರರು ರವೀಂದ್ರರನ್ನು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಆ ನಿರಾಕರಣೆ ಶರಚ್ಚಂದ್ರರ ಮನಸ್ಸನ್ನು ಬಹಳ ನೋಯಿಸಿತು. ನಿಷೇಧ ತೆಗೆದದ್ದು 1939ರಲ್ಲಿ. ಅಷ್ಟರಲ್ಲಿ, 1938ರ ಜನವರಿಯಲ್ಲಿ, ಗ್ರಂಥಕರ್ತರು ತೀರಿಕೊಂಡಿದ್ದರು.

ಅನಂತರದವರನ್ನು ಇಲ್ಲಿ ಹೆಸರಿಸಿ ಮುಂದುವರಿಯಬೇಕಾಗಿದೆ. 'ಪಥೇರ ಪಾಂಚಾಲಿ'ಯ ವಿಭೂತಿಭೂಷಣರು, 'ಗಣದೇವತಾ'ದ ತಾರಾಶಂಕರರು, ಜ್ಞಾನಪೀಠವನ್ನು ಪಡೆದ ಮೊದಲ ಮಹಿಳೆ ಆಶಾಪೂರ್ಣಾದೇವಿಯವರು, ಇವರು ದೇವಿಯ ಗುಡಿಯನ್ನು ಬಿಟ್ಟು ಊರಿನ ಕೇರಿಗೂ ಮನೆಯ ಒಳಕೋಣೆಗೂ ಹೋದರು. ಮಹಾಶ್ವೇತಾದೇವಿಯವರು 1977ರ 'ಅರಣ್ಯೇರ ಅಧಿಕಾರ'ದಲ್ಲಿ ಮುಂಡಾ ಜನರ ನಾಯಕ ಬಿರ್ಸಾನ ಕಥೆಯನ್ನು ಹೇಳಿ, ದೇಶವೆಂಬ ಲೆಕ್ಕದಲ್ಲಿ ಸೇರದೆ ಉಳಿದವರನ್ನು ಎದುರಿಗೆ ತಂದು ನಿಲ್ಲಿಸಿದರು.

ಪೂರ್ವ ಬಂಗಾಳದ ವಿಷಯ ಹೇಳದಿದ್ದರೆ ಈ ಕಥೆ ಅರ್ಧಕ್ಕೆ ನಿಂತಂತೆ. ಬಂಕಿಮರು ಬದುಕಿದ್ದಾಗಲೇ, 1885ರಿಂದ 1891ರ ಒಳಗೆ, ಮೀರ್ ಮುಶರ್ರಫ್ ಹುಸೇನರು ಕರ್ಬಲೆಯ ಕಥೆಯನ್ನು 'ವಿಷಾದಸಿಂಧು'ವೆಂಬ ಹೆಸರಿನಲ್ಲಿ ಸೊಗಸಾದ ಬಂಗಾಳಿ ಗದ್ಯದಲ್ಲಿ ಬರೆದು ಮುಸಲ್ಮಾನರ ಮನೆಮನೆಗೆ ಮುಟ್ಟಿಸಿದ್ದರು. ಬಂಗಾಳಿಯು ಎರಡೂ ಧರ್ಮದವರ ಮಾತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1947ರಲ್ಲಿ ಧರ್ಮದ ಹೆಸರಿನಲ್ಲಿ ಬೇರೆಯಾದವರು, 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಭಾಷೆಯ ಹೆಸರಿನಲ್ಲಿ ಗುಂಡಿಗೆ ಎದೆಯೊಡ್ಡಿದರು. 1971ರಲ್ಲಿ ಬಾಂಗ್ಲಾದೇಶವಾದಾಗ, 1905ರ ವಿಭಜನೆಯ ವಿರುದ್ಧ ರವೀಂದ್ರರು ಕಟ್ಟಿದ ಹಾಡುಗಳಲ್ಲೊಂದು ಅವರ ರಾಷ್ಟ್ರಗೀತೆಯಾಯಿತು.

'ಆನಂದಮಠ'ದಲ್ಲಿ ಸ್ಥಳ ಸಿಗದಿದ್ದ ಫಕೀರರೂ ಕೊನೆಗೆ ಅಲ್ಲಿಂದಲೇ ಎದ್ದು ಬಂದರು. ಢಾಕಾದ ಅಖ್ತರುಜ್ಜಮಾನ್ ಇಲಿಯಾಸರು 1996ರಲ್ಲಿ 'ಖೋಯಾಬನಾಮಾ' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದಾದ ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಕಥೆ ನಡೆಯುವುದು ಬೋಗ್ರಾ ಸೀಮೆಯ ಒಂದು ಜವುಗು ಕೆರೆಯ ದಡದಲ್ಲಿ, ದೇಶ ಒಡೆಯುವ ಕಾಲದಲ್ಲಿ, ಬೆಸ್ತರೂ ಗೇಣಿದಾರರೂ ಬಾಳುವ ಹಳ್ಳಿಗಳಲ್ಲಿ. ಆ ಕೆರೆಯ ಬದಿಯ ಮರದಲ್ಲಿ ಒಬ್ಬ ಮುನ್ಶಿಯ ಪ್ರೇತ ಕುಳಿತು ಕೆರೆಯ ಮೀನುಗಳನ್ನು ಆಳುತ್ತದೆ. ಬದುಕಿದ್ದಾಗ ಅವನು ಮಜ್ನೂ ಶಾಹನ ದಂಡಿನವನು. ಕಂಪನಿಯ ಸಿಪಾಯಿಗಳ ಗುಂಡಿಗೆ ಸತ್ತವನು. ಊರಿನ ಮುದುಕನೊಬ್ಬನು ರಾತ್ರಿ ನಿದ್ದೆಗಣ್ಣಿನಲ್ಲಿಯೇ ಎದ್ದು, ಕೆಸರಿನಲ್ಲಿ ಕಾಲು ಹುಗಿದು ನಿಂತು, ಅವನನ್ನು ಕಾಣಲೆಂದು ಕತ್ತೆತ್ತಿ ನೋಡುತ್ತಾನೆ.